ಖಾಸಗಿ ಶಾಲೆಯ ವಿದ್ಯಾರ್ಥಿಗೆ ಸರ್ಕಾರದ ಖರ್ಚಿನಲ್ಲಿ ಪ್ರವೇಶ ಪರೀಕ್ಷೆ: ಅಮೆರಿಕದ ಒಂದು ಹಳೆಯ ವ್ಯಾಜ್ಯ

ಖಾಸಗಿ ಶಾಲೆಗಳಿಗೆ ಸಾರ್ವಜನಿಕ ಹಣ ಸಲ್ಲಬಾರದು ಎಂದು ಅತ್ಯಂತ ಕಟ್ಟುನಿಟ್ಟಾಗಿ ವಿಧಿಸಿರುವ ಅಮೆರಿಕದ ರಾಜ್ಯಗಳಲ್ಲಿ ಮಿಷಿಗನ್ ಒಂದು. 1970ರ ನವೆಂಬರ್‌ನಲ್ಲಿ ಅಲ್ಲಿನ ಮತದಾರರು ಜನಮತಗಣನೆಯ ಮೂಲಕ ಈ ನಿಷೇಧವನ್ನು ರಾಜ್ಯ ಸಂವಿಧಾನದಲ್ಲೇ ಸೇರಿಸಿದರು. ಆದರೆ ಅದೇ ರಾಜ್ಯದ ಶಾಲಾ ಕಾಯ್ದೆಯು, ಖಾಸಗಿ ಶಾಲೆಯಲ್ಲಿ ಓದುವ ಅಥವಾ ಮನೆಯಲ್ಲೇ ಕಲಿಯುವ ವಿದ್ಯಾರ್ಥಿಯೂ ರಾಜ್ಯದ ಮೆರಿಟ್ ಪರೀಕ್ಷೆಗೆ ಕೂರಬಹುದು ಎನ್ನುತ್ತದೆ. ಖಾಸಗಿ ಶಾಲೆ ಕೋರಿಕೆ ಸಲ್ಲಿಸಿದರೆ ಪರೀಕ್ಷೆಯನ್ನು ಅಲ್ಲಿಗೆ ಪೂರೈಸುವಂತೆ ರಾಜ್ಯದ ಶಿಕ್ಷಣ ಮುಖ್ಯಾಧಿಕಾರಿಯು ಪರೀಕ್ಷಾ ಸಂಸ್ಥೆಗೆ ಸೂಚಿಸಬೇಕು. ಆ ಪರೀಕ್ಷೆಯ ಮುಖ್ಯ ಭಾಗವೇ ಕಾಲೇಜು ಪ್ರವೇಶಕ್ಕೆ ಬಳಕೆಯಾಗುವ ಸ್ಯಾಟ್.

ಹಣ ಕೊಡಕೂಡದು, ಪರೀಕ್ಷೆ ಕೊಡಬಹುದು. ಮೇಲ್ನೋಟಕ್ಕೆ ವಿರೋಧಾಭಾಸವೆನಿಸುವ ಈ ನಿಲುವಿನ ಹಿಂದೆ ಅರ್ಧ ಶತಮಾನದ ನ್ಯಾಯಾಲಯದ ವಾದವಿದೆ.

ಮುಂದುವರಿಯುವ ಮುನ್ನ ಒಂದು ಸ್ಪಷ್ಟನೆ. ಅಮೆರಿಕದಲ್ಲಿ 'ಪಬ್ಲಿಕ್ ಸ್ಕೂಲ್' ಎಂದರೆ ತೆರಿಗೆ ಹಣದಿಂದ ನಡೆಯುವ ಸರ್ಕಾರಿ ಶಾಲೆ. ನಮ್ಮ ಊರುಗಳಲ್ಲಿ ಇದೇ ಹೆಸರಿನ ಫಲಕ ಹೊತ್ತ ಹಲವು ಶಾಲೆಗಳು ಅಪ್ಪಟ ಖಾಸಗಿ ಎಂಬುದು ಬೇರೆ ಮಾತು. ಅಮೆರಿಕದ ಶಾಲಾ ಮಕ್ಕಳಲ್ಲಿ ಹತ್ತಕ್ಕೆ ಸುಮಾರು ಒಬ್ಬರು, ಅಂದರೆ 2021ರ ಲೆಕ್ಕದಂತೆ ಸುಮಾರು 47 ಲಕ್ಷ ಮಂದಿ, ಖಾಸಗಿ ಶಾಲೆಗಳಲ್ಲಿ ಕಲಿಯುತ್ತಾರೆ. ಅವರಲ್ಲಿ ಬಹುಪಾಲು ಮಕ್ಕಳು ಇರುವುದು ಧಾರ್ಮಿಕ ಸಂಸ್ಥೆಗಳು ನಡೆಸುವ ಶಾಲೆಗಳಲ್ಲಿ. ಆದ್ದರಿಂದಲೇ ಅಲ್ಲಿ ಖಾಸಗಿ ಶಾಲೆಗೆ ನೆರವು ಎಂಬ ಪ್ರಶ್ನೆ ಎದ್ದ ಕೂಡಲೇ ರಾಜ್ಯ ಮತ್ತು ಧರ್ಮದ ನಡುವಣ ಗೋಡೆಯ ಪ್ರಶ್ನೆಯೂ ಏಳುತ್ತದೆ.

ಸರ್ಕಾರ ಪರೀಕ್ಷಾ ಶುಲ್ಕ ಭರಿಸಲು ಆರಂಭಿಸಿದ್ದು

ಸ್ಯಾಟ್ ಪರೀಕ್ಷೆ ಮೊದಲಿಗೆ ನಡೆದದ್ದು 1926ರಲ್ಲಿ. ಅದರ ಪ್ರತಿಸ್ಪರ್ಧಿಯಾದ ಎಸಿಟಿ, ಅಯೋವಾ ರಾಜ್ಯದಲ್ಲಿ 1959ರಲ್ಲಿ ಹುಟ್ಟಿತು. ದಶಕಗಳ ಕಾಲ ಇವೆರಡೂ ವಿದ್ಯಾರ್ಥಿ ತನ್ನ ಹಣದಿಂದ, ಶನಿವಾರದ ಬೆಳಿಗ್ಗೆ, ಗೊತ್ತುಪಡಿಸಿದ ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗಳಾಗಿದ್ದವು. 2001ರಲ್ಲಿ ಕೊಲರಾಡೊ ಮತ್ತು ಇಲಿನಾಯ್ ರಾಜ್ಯಗಳು ಹೊಸ ದಾರಿ ಹಿಡಿದವು. ಹನ್ನೊಂದನೇ ತರಗತಿಯ ಸರ್ಕಾರಿ ಶಾಲಾ ವಿದ್ಯಾರ್ಥಿಗಳೆಲ್ಲರೂ ಎಸಿಟಿಯನ್ನು ತಮ್ಮ ಶಾಲೆಯಲ್ಲೇ, ಶಾಲಾ ದಿನದಂದೇ, ರಾಜ್ಯದ ಖರ್ಚಿನಲ್ಲಿ ಬರೆಯಬೇಕೆಂದು ಅವು ನಿಯಮ ಮಾಡಿದವು. ಮೇಯ್ನ್ 2006ರಲ್ಲಿ ಸ್ಯಾಟ್ ಅನ್ನು ರಾಜ್ಯ ಪರೀಕ್ಷೆಯಾಗಿ ಸ್ವೀಕರಿಸಿತು. ಮಿಷಿಗನ್ 2007ರಲ್ಲಿ, ಕೆಂಟಕಿ 2008ರಲ್ಲಿ ಎಸಿಟಿಯನ್ನು ಎಲ್ಲರಿಗೂ ವಿಸ್ತರಿಸಿದವು; ಮಿಷಿಗನ್ 2016ರಲ್ಲಿ ಸ್ಯಾಟ್‌ಗೆ ಬದಲಾಯಿತು. 2015ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಒಕ್ಕೂಟ ಸರ್ಕಾರದ ಶಿಕ್ಷಣ ಕಾಯ್ದೆಯು, ರಾಜ್ಯವು ತಾನೇ ರೂಪಿಸಿದ ಪ್ರೌಢಶಾಲಾ ಪರೀಕ್ಷೆಯ ಬದಲು ರಾಷ್ಟ್ರಮಾನ್ಯ ಪರೀಕ್ಷೆಯೊಂದನ್ನು ಬಳಸಲು ದಾರಿ ತೆರೆದ ಮೇಲೆ ಈ ಪ್ರವೃತ್ತಿ ಇನ್ನಷ್ಟು ಬಲಗೊಂಡಿತು.

ಕಾಲೇಜಿಗೆ ಹೋಗದವರನ್ನೂ ಈ ವ್ಯವಸ್ಥೆ ಪೂರ್ಣವಾಗಿ ಕೈಬಿಟ್ಟಿರಲಿಲ್ಲ. ಎಸಿಟಿ ಸಂಸ್ಥೆ 1992ರಲ್ಲಿ ಆರಂಭಿಸಿದ 'ವರ್ಕ್‌ಕೀಸ್' ಎಂಬ ಉದ್ಯೋಗ ಸಿದ್ಧತಾ ಪರೀಕ್ಷೆಯನ್ನು ಇಲಿನಾಯ್ ಮತ್ತು ಮಿಷಿಗನ್ ತಮ್ಮ ರಾಜ್ಯ ಪರೀಕ್ಷೆಯೊಳಗೆ ಸೇರಿಸಿಕೊಂಡವು. ಕಚೇರಿಯ ಸೂಚನಾಪತ್ರವನ್ನು ಓದಿ ಅರ್ಥ ಮಾಡಿಕೊಳ್ಳುವುದು, ಕೆಲಸದ ಸ್ಥಳದಲ್ಲಿ ಬೇಕಾಗುವ ಲೆಕ್ಕ ಮಾಡುವುದು, ನಕ್ಷೆ ಮತ್ತು ಕೋಷ್ಟಕಗಳಿಂದ ಮಾಹಿತಿ ಹೆಕ್ಕುವುದು, ಇವು ಅದರ ವಿಷಯಗಳು. ಮೂರರಲ್ಲೂ ನಿಗದಿತ ಮಟ್ಟ ಮುಟ್ಟಿದವರಿಗೆ ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ ಎಂಬ ನಾಲ್ಕು ದರ್ಜೆಗಳ ಪ್ರಮಾಣಪತ್ರ ದೊರೆಯುತ್ತದೆ. ಉದ್ಯೋಗದಾತರು ಇದನ್ನು ಎಷ್ಟು ಗಣನೆಗೆ ತೆಗೆದುಕೊಳ್ಳುತ್ತಾರೆ ಎಂಬುದು ಊರಿಂದ ಊರಿಗೆ ಬೇರೆಯಾಗುತ್ತದೆ.

ಶುಲ್ಕಕ್ಕಿಂತ ಸ್ಥಳವೇ ಮುಖ್ಯ

2024ರ ಶರತ್ಕಾಲದಲ್ಲಿ ಸ್ಯಾಟ್ ನೋಂದಣಿ ಶುಲ್ಕ 68 ಡಾಲರ್ ಇತ್ತು. ಮಧ್ಯಮ ವರ್ಗದ ಅಮೆರಿಕನ್ ಕುಟುಂಬಕ್ಕೆ ಇದು ದೊಡ್ಡ ಮೊತ್ತವಲ್ಲ. ಕಡಿಮೆ ಆದಾಯದವರಿಗೆ ಪರೀಕ್ಷಾ ಸಂಸ್ಥೆಗಳೇ ಶುಲ್ಕ ವಿನಾಯಿತಿ ನೀಡುತ್ತವೆ. ಹಾಗಿದ್ದರೆ ಸರ್ಕಾರ ಹಣ ವ್ಯಯಿಸುವ ಅಗತ್ಯವೇನು ಎಂದು ಕೇಳಬಹುದು. ಉತ್ತರ ಸಂಶೋಧನೆಗಳಲ್ಲಿದೆ.

ಅರ್ಥಶಾಸ್ತ್ರಜ್ಞ ಜೋಶುವಾ ಹೈಮನ್ ಮಿಷಿಗನ್‌ನ ಅನುಭವವನ್ನು ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದ ಪ್ರಬಂಧದ ಮುಖ್ಯ ಅಂಶ ಇದು: ಪರೀಕ್ಷೆ ಐಚ್ಛಿಕವಾಗಿದ್ದ ಕಾಲದಲ್ಲಿ, ಕಾಲೇಜಿಗೆ ಅರ್ಹವೆನಿಸುವ ಅಂಕ ಗಳಿಸುತ್ತಿದ್ದ ಪ್ರತಿ ಹತ್ತು ಬಡ ವಿದ್ಯಾರ್ಥಿಗಳಿಗೆ ಎದುರಾಗಿ, ಬರೆದಿದ್ದರೆ ಅಷ್ಟೇ ಅಂಕ ಗಳಿಸಬಲ್ಲವರಾಗಿದ್ದರೂ ಪರೀಕ್ಷೆಯನ್ನೇ ಬರೆಯದ ಇನ್ನೂ ಐದು ಮಂದಿ ಇದ್ದರು. ಪರೀಕ್ಷೆ ಎಲ್ಲರಿಗೂ ಕಡ್ಡಾಯ ಮತ್ತು ಉಚಿತವಾದ ಮೇಲೆ ನಾಲ್ಕು ವರ್ಷದ ಪದವಿಗೆ ಸೇರುವವರ ಪ್ರಮಾಣ ಅಲ್ಪಮಟ್ಟಿಗೆ ಏರಿತು. ಏರಿಕೆ ಹೆಚ್ಚಾಗಿ ಕಂಡದ್ದು ಅತ್ಯಂತ ಬಡ ಶಾಲೆಗಳಲ್ಲಿ. ಕೊಲರಾಡೊ ಮತ್ತು ಇಲಿನಾಯ್ ಕುರಿತು ಸರೀನಾ ಗುಡ್‌ಮನ್ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಟ್ಟು ಕಾಲೇಜು ಸೇರ್ಪಡೆ ಬದಲಾಗಲಿಲ್ಲವಾದರೂ, ಆಯ್ಕೆ ಕಠಿಣವಾಗಿರುವ ಕಾಲೇಜುಗಳಿಗೆ ಸೇರುವವರ ಪ್ರಮಾಣ ಸುಮಾರು ಶೇ 20ರಷ್ಟು ಹೆಚ್ಚಿದ್ದು ಕಂಡುಬಂತು. ತನ್ನ ಸಾಮರ್ಥ್ಯವೇನೆಂದು ತಿಳಿಯದಿದ್ದ ವಿದ್ಯಾರ್ಥಿಗೆ ಅಂಕಪಟ್ಟಿ ಅದನ್ನು ತಿಳಿಸಿತು. ವಿದ್ಯಾರ್ಥಿಯ ಶಾಲೆಯೇ ಪರೀಕ್ಷಾ ಕೇಂದ್ರವಾದರೆ ಪರೀಕ್ಷೆ ಬರೆಯುವವರ ಸಂಖ್ಯೆ ಹೆಚ್ಚುತ್ತದೆ ಎಂಬುದನ್ನು ಜಾರ್ಜ್ ಬುಲ್‌ಮನ್ 2015ರಲ್ಲಿ ಪ್ರತ್ಯೇಕವಾಗಿ ತೋರಿಸಿದ್ದರು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಕಡ್ಡಾಯ ಪರೀಕ್ಷೆಯ ಪರಿಣಾಮ ಕುರಿತ ಈ ಫಲಿತಾಂಶಗಳು ಸರ್ಕಾರಿ ಶಾಲೆಗಳ ವಿದ್ಯಾರ್ಥಿಗಳಿಗೆ ಸಂಬಂಧಿಸಿದವು. ಖಾಸಗಿ ಶಾಲೆಯ ಮಕ್ಕಳಲ್ಲಿ ಬಹುತೇಕರು ಹೇಗೂ ಪರೀಕ್ಷೆ ಬರೆಯುತ್ತಾರೆ. ಅವರ ಶುಲ್ಕವನ್ನು ರಾಜ್ಯ ಭರಿಸಿದರೆ ಉಳಿಯುವುದು ಪೋಷಕರ ಜೇಬಿನ ಹಣವೇ ಹೊರತು ಹೊಸ ಅವಕಾಶವೇನೂ ಹುಟ್ಟುವುದಿಲ್ಲ ಎಂಬ ಟೀಕೆಯಲ್ಲಿ ಹುರುಳಿದೆ. ಆದರೆ ಖಾಸಗಿ ಎಂದರೆ ಸಿರಿವಂತ ಎಂದು ಸಮೀಕರಿಸುವುದೂ ತಪ್ಪು. 1996ರಲ್ಲಿ ಶಿಕಾಗೊದಲ್ಲಿ ಆರಂಭವಾಗಿ ಇತರ ನಗರಗಳಿಗೆ ಹಬ್ಬಿದ 'ಕ್ರಿಸ್ಟೊ ರೇ' ಎಂಬ ಕ್ಯಾಥೊಲಿಕ್ ಶಾಲೆಗಳು ಕಡಿಮೆ ಆದಾಯದ ಕುಟುಂಬಗಳ ಮಕ್ಕಳಿಗೆಂದೇ ಇರುವಂಥವು. ಅಲ್ಲಿನ ವಿದ್ಯಾರ್ಥಿಗಳು ವಾರಕ್ಕೆ ಸರಿಸುಮಾರು ಒಂದು ದಿನ ಕಚೇರಿಗಳಲ್ಲಿ ದುಡಿದು ತಮ್ಮ ಬೋಧನಾ ಶುಲ್ಕದ ದೊಡ್ಡ ಭಾಗವನ್ನು ತಾವೇ ಗಳಿಸುತ್ತಾರೆ. ಸರ್ಕಾರಿ ಶಾಲೆಯ ಬಡ ಹುಡುಗನಿಗೆ ತರಗತಿಯಲ್ಲೇ ದೊರೆಯುವ ಪರೀಕ್ಷೆ, ಪಕ್ಕದ ಬೀದಿಯ ಇಂಥ ಶಾಲೆಯ ಬಡ ಹುಡುಗಿಗೆ ದೊರೆಯಬಾರದೇಕೆ ಎಂಬುದೇ ಈ ಚರ್ಚೆಯ ತಿರುಳು.

ಪ್ರಶ್ನೆಪತ್ರಿಕೆ ಬರೆದವರು ಯಾರು?

ಖಾಸಗಿ ಶಾಲೆಗಳ ಪರೀಕ್ಷಾ ವೆಚ್ಚವನ್ನು ಸರ್ಕಾರ ಭರಿಸಬಹುದೇ ಎಂಬ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟ್ ಮುಂದೆ ಏಳು ವರ್ಷಗಳ ಅಂತರದಲ್ಲಿ ಮೂರು ಬಾರಿ ಬಂತು.

ಮೊದಲನೆಯದು ನ್ಯೂಯಾರ್ಕ್ ರಾಜ್ಯದ್ದು. ಆ ರಾಜ್ಯಕ್ಕೆ ಇದರ ಹಳೆಯ ನಂಟೂ ಉಂಟು: 1865ರಲ್ಲಿ ಆರಂಭವಾದ 'ರೀಜೆಂಟ್ಸ್' ಪರೀಕ್ಷೆಯ ಮೊದಲ ಉದ್ದೇಶಗಳಲ್ಲಿ ಒಂದು, ಅಕಾಡೆಮಿಗಳಿಗೆ ರಾಜ್ಯದ ಅನುದಾನ ಹಂಚಲು ಅರ್ಹ ವಿದ್ಯಾರ್ಥಿಗಳನ್ನು ಎಣಿಸುವುದೇ ಆಗಿತ್ತು. 1970ರಲ್ಲಿ ಅಲ್ಲಿನ ಶಾಸನಸಭೆ, ರಾಜ್ಯದ ಆದೇಶದಂತೆ ನಡೆಸುವ ಪರೀಕ್ಷೆ ಮತ್ತು ದಾಖಲೆ ನಿರ್ವಹಣೆಗಾಗಿ ಖಾಸಗಿ ಶಾಲೆಗಳಿಗೆ ಮರುಪಾವತಿ ಮಾಡಲು 2.8 ಕೋಟಿ ಡಾಲರ್ ತೆಗೆದಿರಿಸಿತು. ಕೆಳ ತರಗತಿಯ ಪ್ರತಿ ಮಗುವಿಗೆ ವರ್ಷಕ್ಕೆ 27 ಡಾಲರ್, ಏಳರಿಂದ ಹನ್ನೆರಡನೇ ತರಗತಿಯವರಿಗೆ 45 ಡಾಲರ್. ಇದರಲ್ಲಿ ರಾಜ್ಯ ರೂಪಿಸಿದ ಪರೀಕ್ಷೆಗಳ ಜೊತೆಗೆ ಶಾಲೆಯ ಅಧ್ಯಾಪಕರೇ ಬರೆದ ಸಾಮಾನ್ಯ ತರಗತಿ ಪರೀಕ್ಷೆಗಳೂ ಸೇರಿದ್ದವು. ಹಣ ಎಲ್ಲಿ ಖರ್ಚಾಯಿತೆಂಬ ಲೆಕ್ಕ ಕೇಳುವ ವ್ಯವಸ್ಥೆಯೂ ಇರಲಿಲ್ಲ. 1973ರಲ್ಲಿ ಲೆವಿಟ್ ಪ್ರಕರಣದಲ್ಲಿ ನ್ಯಾಯಾಲಯ ಇದನ್ನು ರದ್ದುಗೊಳಿಸಿತು. ಚರ್ಚ್ ಶಾಲೆಯ ಅಧ್ಯಾಪಕ ತಾನೇ ಪ್ರಶ್ನೆಪತ್ರಿಕೆ ಬರೆದಾಗ ಅದರಲ್ಲಿ ಧರ್ಮಬೋಧನೆ ನುಸುಳಬಹುದು, ಅದಕ್ಕೆ ಸರ್ಕಾರ ಹಣ ತೆತ್ತಂತಾಗುತ್ತದೆ ಎಂಬುದು ಕಾರಣ. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಬೈರನ್ ವೈಟ್ ಒಬ್ಬರೇ ಭಿನ್ನಮತ ತಾಳಿದರು.

ಎರಡನೆಯದು 1977ರ ಓಹಾಯೊ ಪ್ರಕರಣ, ವೋಲ್ಮನ್ ವಿರುದ್ಧ ವಾಲ್ಟರ್. ಓಹಾಯೊ ಜಾಣತನ ತೋರಿತ್ತು. ಸರ್ಕಾರಿ ಶಾಲೆಗಳಲ್ಲಿ ಬಳಸುವ ಅದೇ ಪ್ರಮಾಣೀಕೃತ ಪರೀಕ್ಷೆಗಳನ್ನು, ಅದೇ ಮೌಲ್ಯಮಾಪನ ಸೇವೆಯನ್ನು ಖಾಸಗಿ ಶಾಲೆಯ ಮಕ್ಕಳಿಗೆ ಒದಗಿಸಿತು. ಶಾಲೆಯ ಸಿಬ್ಬಂದಿಗೆ ಕಾಸು ಕೊಡಲಿಲ್ಲ. ಪ್ರಶ್ನೆಪತ್ರಿಕೆಯ ಮೇಲಾಗಲಿ ಫಲಿತಾಂಶದ ಮೇಲಾಗಲಿ ಖಾಸಗಿ ಶಾಲೆಗೆ ಹಿಡಿತವಿಲ್ಲ, ಆದ್ದರಿಂದ ಇದು ಸಿಂಧು ಎಂದು ನ್ಯಾಯಮೂರ್ತಿ ಹ್ಯಾರಿ ಬ್ಲಾಕ್‌ಮನ್ ಬರೆದರು. ಅದೇ ತೀರ್ಪು ಬೋಧನೋಪಕರಣಗಳ ಎರವಲನ್ನೂ ಶೈಕ್ಷಣಿಕ ಪ್ರವಾಸದ ವೆಚ್ಚವನ್ನೂ ತಳ್ಳಿಹಾಕಿತ್ತು ಎಂಬುದನ್ನು ಗಮನಿಸಬೇಕು. ಪರೀಕ್ಷೆ ಉಳಿಯಿತು.

ಮೂರನೆಯದು ಮತ್ತೆ ನ್ಯೂಯಾರ್ಕ್‌ನಿಂದಲೇ ಬಂತು. ಸೋತ ರಾಜ್ಯ 1974ರಲ್ಲಿ ಕಾಯ್ದೆಯನ್ನು ತಿದ್ದಿ ಬರೆದಿತ್ತು. ಅಧ್ಯಾಪಕರು ಬರೆದ ಪರೀಕ್ಷೆಗಳನ್ನು ಕೈಬಿಟ್ಟು, ರಾಜ್ಯ ರೂಪಿಸಿದ ಪರೀಕ್ಷೆ ಹಾಗೂ ಹಾಜರಾತಿ ದಾಖಲೆಗಳ ವಾಸ್ತವ ವೆಚ್ಚವನ್ನಷ್ಟೇ, ಲೆಕ್ಕ ತಪಾಸಣೆಗೆ ಒಳಪಟ್ಟು, ಮರುಪಾವತಿಸುವುದಾಗಿ ಹೇಳಿತ್ತು. ಆದರೆ ಈ ಬಾರಿ ಹಣ ನೇರವಾಗಿ ಶಾಲೆಗೆ ಹೋಗುತ್ತಿತ್ತು; ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದವರೂ ಶಾಲೆಯವರೇ. 1980ರ ರೀಗನ್ ಪ್ರಕರಣದಲ್ಲಿ ನ್ಯಾಯಾಲಯ ಐದಕ್ಕೆ ನಾಲ್ಕು ಮತಗಳಿಂದ ಇದನ್ನೂ ಒಪ್ಪಿತು. ಬಹುಮತದ ತೀರ್ಪು ಬರೆದವರು, ಏಳು ವರ್ಷಗಳ ಹಿಂದೆ ಒಂಟಿಯಾಗಿದ್ದ ಅದೇ ವೈಟ್. ಓಹಾಯೊ ಪರೀಕ್ಷೆಗಳನ್ನು ಎತ್ತಿಹಿಡಿದಿದ್ದ ಬ್ಲಾಕ್‌ಮನ್ ಈಗ ಭಿನ್ನಮತದ ಪಾಳೆಯದಲ್ಲಿದ್ದರು: ಪರೀಕ್ಷೆ ಕೊಡುವುದು ಬೇರೆ, ಚರ್ಚ್ ಶಾಲೆಗೆ ನಗದು ಕೊಡುವುದು ಬೇರೆ ಎಂಬುದು ಅವರ ನಿಲುವು.

ಸ್ಯಾಟ್ ಮತ್ತು ಎಸಿಟಿಗಳ ವಿಷಯ ಈ ಮೂರೂ ತೀರ್ಪುಗಳ ಬೆಳಕಿನಲ್ಲಿ ಬಹುತೇಕ ನಿರ್ವಿವಾದ. ಪ್ರಶ್ನೆಗಳನ್ನು ಬರೆಯುವುದೂ ಅಂಕ ನೀಡುವುದೂ ಹೊರಗಿನ ಸಂಸ್ಥೆ. ಹಣ ಹೋಗುವುದೂ ಆ ಸಂಸ್ಥೆಗೇ. ಖಾಸಗಿ ಶಾಲೆ ಕೊಡುವುದು ಕೊಠಡಿ ಮತ್ತು ಮೇಲ್ವಿಚಾರಕರನ್ನು ಮಾತ್ರ. ಮೇಲಾಗಿ, 2002ರಲ್ಲಿ ಓಹಾಯೊದ ಕ್ಲೀವ್‌ಲ್ಯಾಂಡ್ ನಗರದ ವೋಚರ್ ಯೋಜನೆಯನ್ನು ಮಾನ್ಯ ಮಾಡಿದ, 2022ರಲ್ಲಿ ಮೇಯ್ನ್ ರಾಜ್ಯದ ಬೋಧನಾ ಶುಲ್ಕ ನೆರವಿನಿಂದ ಧಾರ್ಮಿಕ ಶಾಲೆಗಳನ್ನು ಹೊರಗಿಡಬಾರದೆಂದ ಸುಪ್ರೀಂ ಕೋರ್ಟ್, 1970ರ ದಶಕದ ಕಟ್ಟುನಿಟ್ಟಿನಿಂದ ಬಹುದೂರ ಸರಿದಿದೆ.

ಮಿಷಿಗನ್‌ನಲ್ಲಿ ತೊಡಕು ಇದ್ದದ್ದು ರಾಜ್ಯದ ಸ್ವಂತ ಸಂವಿಧಾನದಿಂದ. ಆದರೆ ಅಲ್ಲಿನ ಸುಪ್ರೀಂ ಕೋರ್ಟ್ 1971ರಷ್ಟು ಹಿಂದೆಯೇ, ಬೋಧನೆಗೆ ಪೂರಕವಾಗಿ ಮಗುವಿಗೆ ನೇರವಾಗಿ ಸಲ್ಲುವ ಸೇವೆಗಳು ನಿಷೇಧದ ವ್ಯಾಪ್ತಿಗೆ ಬರುವುದಿಲ್ಲ ಎಂಬ ಅರ್ಥ ನೀಡಿತ್ತು. 2016ರಲ್ಲಿ ಸುರಕ್ಷತಾ ನಿಯಮಗಳ ಪಾಲನೆಗೆಂದು ಖಾಸಗಿ ಶಾಲೆಗಳಿಗೆ 25 ಲಕ್ಷ ಡಾಲರ್ ಕೊಡಹೊರಟಾಗ ಎದ್ದ ದಾವೆ, 2020ರ ಡಿಸೆಂಬರ್‌ನಲ್ಲಿ ಅದೇ ನ್ಯಾಯಾಲಯದಲ್ಲಿ ಮೂರಕ್ಕೆ ಮೂರು ಮತಗಳ ಸಮಬಲದಲ್ಲಿ ನಿಂತಿತು. ಪಾವತಿಗೆ ಷರತ್ತುಬದ್ಧ ಒಪ್ಪಿಗೆ ನೀಡಿದ್ದ ಮೇಲ್ಮನವಿ ನ್ಯಾಯಾಲಯದ ತೀರ್ಪು ಹಾಗೆಯೇ ಉಳಿಯಿತು. ಪರೀಕ್ಷೆಯ ವಿಷಯದಲ್ಲಿ ಇನ್ನೊಂದು ಒತ್ತಡವೂ ಕೆಲಸ ಮಾಡಿತ್ತು. ರಾಜ್ಯವು 1999ರಿಂದ ತನ್ನ ಪರೀಕ್ಷೆಯಲ್ಲಿ ಉತ್ತಮ ಅಂಕ ಪಡೆದವರಿಗೆ 2,500 ಡಾಲರ್ ವಿದ್ಯಾರ್ಥಿವೇತನ ನೀಡುತ್ತಿತ್ತು. ಬಹುಮಾನವನ್ನು ಪರೀಕ್ಷೆಗೆ ಜೋಡಿಸಿದ ಮೇಲೆ ತೆರಿಗೆ ಕಟ್ಟುವ ಒಂದು ವರ್ಗದ ಪೋಷಕರ ಮಕ್ಕಳನ್ನು ಪರೀಕ್ಷೆಯಿಂದಲೇ ಹೊರಗಿಡುವುದು ಸಮರ್ಥಿಸಲಾಗದ ಮಾತು. ಆ ಬಗೆಯ ವಿದ್ಯಾರ್ಥಿವೇತನ 2009ರಲ್ಲಿ ನಿಂತುಹೋಯಿತು. ಪರೀಕ್ಷೆಯ ಬಾಗಿಲು ಮಾತ್ರ ತೆರೆದೇ ಇದೆ.

ಅಂಕಪಟ್ಟಿ ಯಾರ ಕೈಗೆ?

ಕಾನೂನಿನ ಬಿಸಿ ಆರಿದ ಮೇಲೆ ಈಗ ಉಳಿದಿರುವುದು ಉತ್ತರದಾಯಿತ್ವದ ಪ್ರಶ್ನೆ. ಸರ್ಕಾರಿ ಶಾಲೆಯಲ್ಲಿ ಸ್ಯಾಟ್ ಅಥವಾ ಎಸಿಟಿ ಕೇವಲ ವಿದ್ಯಾರ್ಥಿಯ ಪರೀಕ್ಷೆಯಲ್ಲ; ಶಾಲೆಯ ಪರೀಕ್ಷೆಯೂ ಹೌದು. ಸರಾಸರಿ ಅಂಕಗಳು ಪ್ರಕಟವಾಗುತ್ತವೆ, ಶಾಲೆಗೆ ದರ್ಜೆ ಬರುತ್ತದೆ, ಹಿಂದುಳಿದರೆ ಸರ್ಕಾರ ಮಧ್ಯಪ್ರವೇಶಿಸುತ್ತದೆ. ಖಾಸಗಿ ಶಾಲೆಗೆ ಈ ಹೊಣೆಯಿಲ್ಲದೆ ಪರೀಕ್ಷೆ ಮಾತ್ರ ಉಚಿತವಾಗಿ ಬೇಕೇ ಎಂದು ಸರ್ಕಾರಿ ಶಾಲೆಗಳ ಪರ ಇರುವವರು ಕೇಳುತ್ತಾರೆ. ಖಾಸಗಿ ಶಾಲೆಗಳ ಪರ ಇರುವವರ ಭೀತಿ ಇದಕ್ಕೆ ತದ್ವಿರುದ್ಧ: ಇಂದು ಉಚಿತ ಪರೀಕ್ಷೆಯಾಗಿ ಬಂದದ್ದು ನಾಳೆ ಪಠ್ಯಕ್ರಮದ ಹಿಡಿತವಾಗಿ ಬೆಳೆಯುತ್ತದೆ ಎಂಬುದು.

ರಾಜ್ಯಗಳು ಕಂಡುಕೊಂಡ ದಾರಿಗಳು ಬೇರೆಬೇರೆ. 1990ರಲ್ಲಿ ಮಿಲ್ವಾಕಿ ನಗರದಲ್ಲಿ ವೋಚರ್ ಯೋಜನೆ ಆರಂಭಿಸಿದ ವಿಸ್ಕಾನ್ಸಿನ್, ಸರ್ಕಾರದ ಹಣದಲ್ಲಿ ಖಾಸಗಿ ಶಾಲೆಗೆ ಬಂದ ವಿದ್ಯಾರ್ಥಿಗೆ ಹನ್ನೊಂದನೇ ತರಗತಿಯಲ್ಲಿ ಎಸಿಟಿಯನ್ನು ನಡೆಸಲೇಬೇಕೆಂದು ಶಾಲೆಗೆ ವಿಧಿಸಿದೆ. ಅದೇ ತರಗತಿಯಲ್ಲಿ ಸ್ವಂತ ಹಣ ಕಟ್ಟಿ ಓದುವ ಸಹಪಾಠಿಗೆ ಈ ಕಟ್ಟಳೆ ಇಲ್ಲ. ನಾರ್ತ್ ಕ್ಯಾರೊಲೈನಾ 2023ರಲ್ಲಿ ಆದಾಯ ಮಿತಿಯನ್ನು ತೆಗೆದು ವೋಚರ್ ಅನ್ನು ಎಲ್ಲರಿಗೂ ವಿಸ್ತರಿಸಿದಾಗ, ಹನ್ನೊಂದನೇ ತರಗತಿಯ ವೋಚರ್ ವಿದ್ಯಾರ್ಥಿಗಳಿಗೆ ಎಸಿಟಿಯನ್ನು ಷರತ್ತಾಗಿ ಸೇರಿಸಿತು. ಆರಿಜೋನಾ 2011ರಲ್ಲಿ ಆರಂಭಿಸಿ 2022ರಲ್ಲಿ ಎಲ್ಲ ಮಕ್ಕಳಿಗೂ ತೆರೆದ ಶಿಕ್ಷಣ ಖಾತೆಯ ಯೋಜನೆಯಲ್ಲಿ ಹಣ ಪೋಷಕರ ಹೆಸರಿನಲ್ಲಿರುತ್ತದೆ. ಪ್ರವೇಶ ಪರೀಕ್ಷೆಯ ಶುಲ್ಕ ಅನುಮತಿಸಿದ ವೆಚ್ಚಗಳಲ್ಲಿ ಒಂದು. ಪರೀಕ್ಷೆ ಬರೆಯಲೇಬೇಕೆಂಬ ಒತ್ತಾಯ ಅಲ್ಲಿಲ್ಲ, ಬರೆದರೆ ಅಂಕ ಪ್ರಕಟವಾಗುವುದೂ ಇಲ್ಲ. ತೆರಿಗೆದಾರನ ದೃಷ್ಟಿಯಿಂದ ನೋಡಿದರೆ ವಿಸ್ಕಾನ್ಸಿನ್ ಮಾದರಿಯೇ ಹೆಚ್ಚು ನ್ಯಾಯಸಮ್ಮತವೆನಿಸುತ್ತದೆ: ಸಾರ್ವಜನಿಕ ಹಣ ಎಲ್ಲಿಯವರೆಗೆ ಹೋಗಿದೆಯೋ ಅಲ್ಲಿಯವರೆಗೆ ಸಾರ್ವಜನಿಕ ಅಳತೆಗೋಲೂ ಹೋಗುತ್ತದೆ. ಮಿಷಿಗನ್ ಮಾದರಿಯ ಗುಣ ಬೇರೆ. ಅದು ಶಾಲೆಯನ್ನು ಅಳೆಯುವ ಗೋಜಿಗೆ ಹೋಗದೆ, ವಿದ್ಯಾರ್ಥಿಯನ್ನು ರಾಜ್ಯದ ಪ್ರಜೆಯಾಗಿ ಮಾತ್ರ ನೋಡುತ್ತದೆ.

ಕರ್ನಾಟಕದ ಓದುಗರಿಗೆ ಈ ವಿವಾದ ವಿಚಿತ್ರವೆನಿಸಿದರೆ ಅದಕ್ಕೆ ಕಾರಣವಿದೆ. ರಾಜ್ಯ ಪಠ್ಯಕ್ರಮದ ಖಾಸಗಿ ಶಾಲೆ, ಕಾಲೇಜುಗಳ ಮಕ್ಕಳು ಸರ್ಕಾರಿ ಸಂಸ್ಥೆಯವರ ಜೊತೆಯಲ್ಲೇ ಒಂದೇ ಎಸ್ಸೆಸ್ಸೆಲ್ಸಿ, ಒಂದೇ ದ್ವಿತೀಯ ಪಿಯುಸಿ, ಒಂದೇ ಸಿಇಟಿ ಬರೆಯುತ್ತಾರೆ. ಶುಲ್ಕವನ್ನು ಅಭ್ಯರ್ಥಿ ಕಟ್ಟುತ್ತಾನೆ. ಆದರೆ ರಾಜ್ಯದ ಪರೀಕ್ಷೆ ಖಾಸಗಿ ಶಾಲೆಯ ಹೊಸ್ತಿಲು ದಾಟಿ ಕೆಳ ತರಗತಿಗಳಿಗೆ ಬಂದಾಗ ನಮ್ಮಲ್ಲೂ ವ್ಯಾಜ್ಯ ಹುಟ್ಟಿತು. ಐದು, ಎಂಟು, ಒಂಬತ್ತು ಮತ್ತು ಹನ್ನೊಂದನೇ ತರಗತಿಗಳಿಗೆ ಮಂಡಳಿಯ ಮೂಲಕ ಮೌಲ್ಯಾಂಕನ ಪರೀಕ್ಷೆ ನಡೆಸುವ ಕ್ರಮವನ್ನು ಅನುದಾನರಹಿತ ಖಾಸಗಿ ಶಾಲೆಗಳ ಸಂಘಟನೆಗಳು ಪ್ರಶ್ನಿಸಿದವು. 2024ರ ಮಾರ್ಚ್‌ನಲ್ಲಿ ಹೈಕೋರ್ಟ್‌ನ ಏಕಸದಸ್ಯ ಪೀಠ ಅದನ್ನು ರದ್ದುಪಡಿಸಿತು, ಅದೇ ತಿಂಗಳು ವಿಭಾಗೀಯ ಪೀಠ ಪರೀಕ್ಷೆಗೆ ಅನುಮತಿ ನೀಡಿತು, ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಖಾಸಗಿ ಶಾಲೆಯನ್ನು ಸರ್ಕಾರ ಎಷ್ಟರಮಟ್ಟಿಗೆ ಅಳೆಯಬಹುದು ಎಂಬ ಪ್ರಶ್ನೆ ಎರಡೂ ಕಡೆ ಒಂದೇ.

ಅಮೆರಿಕದಲ್ಲಿ ಪರೀಕ್ಷೆಗಳ ಮಾರುಕಟ್ಟೆಯೂ ಬದಲಾಗುತ್ತಿದೆ. ಕೋವಿಡ್ ಕಾಲದಲ್ಲಿ ಅನೇಕ ಕಾಲೇಜುಗಳು ಅಂಕಗಳನ್ನು ಐಚ್ಛಿಕಗೊಳಿಸಿದ್ದವು. ಎಂಐಟಿ 2022ರಲ್ಲಿ, ಡಾರ್ಟ್‌ಮೌತ್, ಯೇಲ್, ಬ್ರೌನ್, ಹಾರ್ವರ್ಡ್ 2024ರಲ್ಲಿ ಪರೀಕ್ಷೆಯ ಅಗತ್ಯವನ್ನು ಮರಳಿ ತಂದವು. 2024ರಲ್ಲಿ ಸ್ಯಾಟ್ ಸಂಪೂರ್ಣ ಡಿಜಿಟಲ್ ಆಯಿತು. ಲಾಭರಹಿತ ಸಂಸ್ಥೆಯಾಗಿದ್ದ ಎಸಿಟಿ ಅದೇ ವರ್ಷ ಖಾಸಗಿ ಹೂಡಿಕೆ ಕಂಪನಿಯೊಂದರ ಒಡೆತನಕ್ಕೆ ಸೇರಿತು. ಸರ್ಕಾರಗಳು ಲಾಭದ ಉದ್ಯಮವೊಂದಕ್ಕೆ ಪ್ರತಿವರ್ಷ ಪರೀಕ್ಷೆಯ ಗುತ್ತಿಗೆ ನೀಡುವುದು ಸರಿಯೇ ಎಂಬ ಚರ್ಚೆಗೆ ಇದು ಹೊಸ ಇಂಧನ. ಇಲಿನಾಯ್ 2017ರಲ್ಲಿ ಸ್ಯಾಟ್‌ಗೆ ಹೋಗಿ 2025ರಲ್ಲಿ ಎಸಿಟಿಗೆ ಹಿಂದಿರುಗಿದೆ. 2025ರ ಜುಲೈನಲ್ಲಿ ಒಕ್ಕೂಟ ಸರ್ಕಾರ ಅಂಗೀಕರಿಸಿದ ತೆರಿಗೆ ಕಾಯ್ದೆಯು, ಪೋಷಕರು '529' ಎಂಬ ತೆರಿಗೆ ವಿನಾಯಿತಿಯ ಶಿಕ್ಷಣ ಉಳಿತಾಯ ಖಾತೆಯ ಹಣವನ್ನು ಕಾಲೇಜು ಪ್ರವೇಶ ಪರೀಕ್ಷೆಯ ಶುಲ್ಕಕ್ಕೂ ಬಳಸಲು ಅವಕಾಶ ನೀಡಿದೆ.

ಅಲ್ಲಿ ನೆಲೆಸಿ ಮಕ್ಕಳನ್ನು ಖಾಸಗಿ ಶಾಲೆಗೆ ಕಳುಹಿಸುತ್ತಿರುವ ಕನ್ನಡಿಗ ಕುಟುಂಬಗಳು ಹತ್ತನೇ ತರಗತಿ ಮುಗಿಯುವ ಹೊತ್ತಿಗೇ ಶಾಲೆಯ ಮಾರ್ಗದರ್ಶಕರನ್ನು ವಿಚಾರಿಸುವುದು ಒಳಿತು. ರಾಜ್ಯದ ಖರ್ಚಿನ ಪರೀಕ್ಷೆ ಸಾಮಾನ್ಯವಾಗಿ ಹನ್ನೊಂದನೇ ತರಗತಿಯ ವಸಂತ ಋತುವಿನಲ್ಲಿ ನಡೆಯುತ್ತದೆ. ಶಾಲೆಯ ನೋಂದಣಿ ಅದಕ್ಕೆ ಹಲವು ತಿಂಗಳು ಮೊದಲೇ ಮುಗಿದಿರುತ್ತದೆ. ಮಿಷಿಗನ್‌ನಲ್ಲಿ ಮನೆಯಲ್ಲೇ ಕಲಿಯುವ ಮಗುವಿನ ಪೋಷಕರು ತಾವು ವಾಸಿಸುವ ಶಾಲಾ ಜಿಲ್ಲೆಯ ಕಚೇರಿಯನ್ನು ಸಂಪರ್ಕಿಸಬೇಕು; ಖಾಸಗಿ ಶಾಲೆಯೊಂದು ಒಪ್ಪಿದರೆ ಅಲ್ಲಿಯೂ ಪರೀಕ್ಷೆ ಬರೆಸಬಹುದು.